ಚಿತ್ರಪಟದ ಒಡೆತನವೂ ಚಿತ್ರಿತರ ಗುರುತೂ

ಚಿತ್ರವೊಂದನ್ನು ಕುರಿತು ಬರೆಯುವವರು ಅದರ ರೇಖೆ, ವರ್ಣ, ಭಾವಗಳನ್ನು ವಿವೇಚಿಸುವುದು ವಾಡಿಕೆ. ಅದು ಯಾರ ಅಪೇಕ್ಷೆಯಿಂದ ರಚಿತವಾಯಿತು, ಯಾರ ಕೈಯಿಂದ ಯಾರ ಕೈಗೆ ಸಾಗಿತು, ಎಲ್ಲೆಲ್ಲಿ ಪ್ರದರ್ಶಿತವಾಯಿತು ಎಂಬುದನ್ನು ವ್ಯಾಪಾರಿಗಳ ಲೆಕ್ಕವೆಂದು ಬದಿಗಿಡುವುದೂ ಉಂಟು. ಆದರೆ ಈ ಒಡೆತನದ ಸರಣಿ ಕಡಿದರೆ, ಚಿತ್ರದಲ್ಲಿರುವವರು ಯಾರೆಂಬುದೇ ಮರೆತುಹೋಗಬಹುದು. ಮೈಸೂರಿಗೆ ಸಂಬಂಧಿಸಿದ ಚಿತ್ರವೊಂದರ ಮೂಲಕ ಇದನ್ನು ವಿಶದಪಡಿಸಲು ಯತ್ನಿಸುತ್ತೇವೆ.

ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಜನಿಸಿದ ಥಾಮಸ್ ಹಿಕಿ (1741–1824), 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ಬಳಿಕ ಮೈಸೂರು ಆಸ್ಥಾನದವರ ಚಿತ್ರಗಳನ್ನು ಬರೆದ ಕಲಾವಿದನು. ಸುಮಾರು 1805ರಲ್ಲಿ ಆತನು ರಚಿಸಿದ ತೈಲಚಿತ್ರವೊಂದರಲ್ಲಿ ಮೂವರು ಸ್ತ್ರೀಯರಿದ್ದಾರೆ. ಕಾಲಾಂತರದಲ್ಲಿ ಇವರ ಹೆಸರುಗಳು ಚಿತ್ರದಿಂದ ಬೇರ್ಪಟ್ಟವು. ಇವರು ನರ್ತಕಿಯರು ಅಥವಾ ವಾರಾಂಗನೆಯರು ಎಂಬ ಭಾವನೆ ಬೆಳೆಯಿತು. 2007ರಲ್ಲಿ ಈ ಚಿತ್ರವು ಸದಬೀಸ್ ಹರಾಜು ಸಂಸ್ಥೆಯಲ್ಲಿ ಮಾರಾಟಕ್ಕೆ ಬಂದಿತು.

ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರು ಈ ಭಾವನೆಯನ್ನು ಒಪ್ಪಲಿಲ್ಲ. ಅವರ ಮತದಂತೆ ಬಲಗಡೆಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಎಡಗಡೆಯವಳು ಅದೇ ಹೆಸರಿನ ಹಿರಿಯ ರಾಣಿ. ನಡುವಿನವರು ಅರಸರ ಅಜ್ಜಿ ಲಕ್ಷ್ಮಮ್ಮಣ್ಣಿ. ಕಿರಿಯ ರಾಣಿ ಸೆರಗು ಸರಿಸಿ ತೋರುತ್ತಿರುವ ಎಡದೋಳು ಸಿಡುಬಿನ ಲಸಿಕೆ ಹಾಕಿದ ಸ್ಥಳವೆಂದು ಅವರು ಅರ್ಥೈಸಿದರು. ಜೆನ್ನರನ ಈ ಲಸಿಕೆ ಭಾರತದಲ್ಲಿ ಮೊದಲು ಪ್ರಯೋಗವಾದುದು 1802ರಲ್ಲಿ, ಮುಂಬಯಿಯಲ್ಲಿ. ಜನರು ಅದಕ್ಕೆ ಹಿಂಜರಿಯುತ್ತಿದ್ದ ಆ ದಿನಗಳಲ್ಲಿ ರಾಣಿಯೇ ಲಸಿಕೆ ಪಡೆದುದು ಪ್ರಜೆಗಳಿಗೆ ಧೈರ್ಯ ಕೊಟ್ಟಿತೆಂಬ ಉಲ್ಲೇಖವು 1806ರ ಜುಲೈ ತಿಂಗಳ ದಾಖಲೆಯಲ್ಲಿದೆ. ವಿವಾಹದ ಕಾಲ, ಆಭರಣ, ಉಡುಗೆಗಳೂ ಈ ವಾದಕ್ಕೆ ಹೊಂದುತ್ತವೆ.

ನಮ್ಮ ಶಾಸ್ತ್ರಕಾರರ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಅನುಮಾನ ಪ್ರಮಾಣ. ಪಟದ ಹಿಂಬದಿಯಲ್ಲಿ ಮೂರು ಹೆಸರುಗಳ ಒಂದು ಸಾಲು ಉಳಿದಿದ್ದರೆ ಇಷ್ಟು ಶ್ರಮ ಬೇಕಾಗುತ್ತಿರಲಿಲ್ಲ. ಲೋಕಹಿತಕ್ಕಾಗಿ ತೋಳು ತೋರಿದ ರಾಣಿಯು ವಾರಾಂಗನೆಯೆಂದು ಕರೆಯಿಸಿಕೊಳ್ಳುತ್ತಲೂ ಇರಲಿಲ್ಲ. ಇದಕ್ಕೆ ಪ್ರತಿಯಾಗಿ, 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯು 1915ರಿಂದ ಚಿತ್ರಶಾಲೆಯಾಗಿದೆ. ಅಲ್ಲಿರುವ ರವಿವರ್ಮನ ಕೃತಿಗಳು ಅರಸುಮನೆತನದ ಆಶ್ರಯದಲ್ಲಿಯೇ ಉಳಿದುದರಿಂದ ಅವುಗಳ ಹೆಸರೂ ಹಿನ್ನೆಲೆಯೂ ಕೆಡದೆ ಉಳಿದಿವೆ.

ಈ ವಿಚಾರವು ಮುಧೋಳ, ಜಮಖಂಡಿ ಸೀಮೆಯ ವಿದ್ಯಾರ್ಥಿಗಳಿಗೂ ಸಂಬಂಧಿಸಿದುದು. ಮುಧೋಳದ ಘೋರ್ಪಡೆ, ಜಮಖಂಡಿಯ ಪಟವರ್ಧನ ಮನೆತನಗಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಸಂಸ್ಥಾನ ಅಳಿದಾಗ ಅದರ ಕಾಗದಪತ್ರಗಳಂತೆ ಗೋಡೆಯ ಪಟಗಳೂ ಕೈಬದಲಾಗುವುದು ಸಹಜ. ಆದುದರಿಂದ ವಾಡೆಗಳಲ್ಲಿ, ಮಠಗಳಲ್ಲಿ, ಹಳೆಯ ಮನೆಗಳಲ್ಲಿ ಪಟವೊಂದನ್ನು ಕಂಡಾಗ ಅದರ ಮುಖವನ್ನಷ್ಟೇ ನೋಡಿ ತೃಪ್ತರಾಗಬಾರದು. ಉದ್ದಗಲಗಳನ್ನು ಅಳೆಯಬೇಕು, ಮನೆಯವರ ಒಪ್ಪಿಗೆ ಪಡೆದು ಬೆನ್ನಿನ ಬರಹ, ಕಟ್ಟು ಹಾಕಿದ ಅಂಗಡಿಯ ಚೀಟಿ, ಹಳೆಯ ಮುದ್ರೆಗಳನ್ನು ನಕಲು ಮಾಡಿಕೊಳ್ಳಬೇಕು, ಪಟವು ತಮ್ಮಲ್ಲಿಗೆ ಬಂದ ಬಗೆಯನ್ನು ಹಿರಿಯರಿಂದ ಕೇಳಿ, ಕೇಳಿದ ದಿನಾಂಕದೊಡನೆ ಬರೆದಿಡಬೇಕು. ಬಣ್ಣ ಮಾಸಿದ ಚಿತ್ರವನ್ನು ತಜ್ಞರು ಶುದ್ಧಿಗೊಳಿಸಬಲ್ಲರು. ಹೇಳುವವರೊಡನೆ ಮರೆಯಾದ ಹೆಸರನ್ನು ಮರಳಿ ಪಡೆಯುವುದು ಅಷ್ಟು ಸುಲಭವಲ್ಲ.