ನಮ್ಮ ನಾಯಿ, ಹೇವರ್ಡ್ ಗುಡ್ಡ ಮತ್ತು ಉಣ್ಣೆ ಪುರಾಣ

ಕನ್ನಡದಲ್ಲಿ ‘ಉಣ್ಣೆ’ ಎಂಬ ಪದಕ್ಕೆ ಎರಡು ಅರ್ಥ. ಒಂದು, ಊಟಿಗೆ ಹೋದಾಗ ಚೌಕಾಸಿ ಮಾಡಿ ಕೊಳ್ಳುತ್ತಿದ್ದ ಸ್ವೆಟರಿನ ಉಣ್ಣೆ. ಇನ್ನೊಂದು, ದನ, ಕುರಿ, ನಾಯಿಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ. ಮಲೆನಾಡಿನವರು ಇದನ್ನೇ ಉಣುಗು ಎನ್ನುತ್ತಾರೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅದು ಬರೀ ‘ಟಿಕ್’. ಹೆಸರು ಏನೇ ಇರಲಿ, ಬೇ ಏರಿಯಾದಲ್ಲಿ ನಾಯಿ ಸಾಕಿ, ಅದನ್ನು ಗುಡ್ಡಕ್ಕೆ ಕರೆದೊಯ್ಯುವ ಕನ್ನಡಿಗರಿಗೆ ಒಂದಲ್ಲ ಒಂದು ದಿನ ಇದರ ಮುಖದರ್ಶನ ತಪ್ಪಿದ್ದಲ್ಲ.

ಒಂದು ಕಾಲದಲ್ಲಿ ನಮ್ಮ ಕೂಟದ ಮನೆಗಳಲ್ಲಿ ನಾಯಿ ಅಪರೂಪ. ದೇವರ ಮನೆಗೆ ನುಗ್ಗೀತು, ಊರಿಗೆ ಹೋಗುವಾಗ ಎಲ್ಲಿ ಬಿಡುವುದು ಎಂಬ ಚಿಂತೆಗಳೇ ಹೆಚ್ಚು. ಈಗ ನೋಡಿ, ಯಾರ ಮನೆಗೆ ಸತ್ಯನಾರಾಯಣ ಪೂಜೆಗೆ ಹೋದರೂ ಮೇಲಿನ ರೂಮಿನಿಂದ ಬೌ ಬೌ ಕೇಳಿಸುತ್ತದೆ. ಮಕ್ಕಳ ಹಟಕ್ಕೆ ಬಂದದ್ದು, ಮಕ್ಕಳು ಕಾಲೇಜಿಗೆ ಹೋದ ಮೇಲೆ ಅಪ್ಪ ಅಮ್ಮನ ಕೊನೆಯ ಮಗುವಾಗಿ ಉಳಿದುಬಿಡುತ್ತದೆ. ಅದೂ ಈಚೆಗೆ ಗುಂಗುರು ಕೂದಲಿನ ಡೂಡಲ್ ಜಾತಿಯ ನಾಯಿಗಳು ಬಹಳ. ಆ ಕೂದಲಿನೊಳಗೆ ಒಂದು ಎಳ್ಳುಕಾಳು ಹುಡುಕಬೇಕೆಂದರೆ ಎಷ್ಟು ಕಷ್ಟವೋ, ಉಣ್ಣೆ ಹುಡುಕುವುದೂ ಅಷ್ಟೇ ಕಷ್ಟ.

ನಾವಿರುವ ಹೇವರ್ಡ್ ಊರಿನ ಒಂದು ಕಡೆ ಕೊಲ್ಲಿಯ ಉಪ್ಪುನೀರು, ಇನ್ನೊಂದು ಕಡೆ ಗುಡ್ಡದ ಸಾಲು. ಆ ಗುಡ್ಡದಲ್ಲೇ ಗ್ಯಾರಿನ್ ಮತ್ತು ಡ್ರೈ ಕ್ರೀಕ್ ಪಾರ್ಕುಗಳಿವೆ. ಚಳಿಗಾಲದ ಮಳೆ ಬಿದ್ದರೆ ಹಸಿರು, ಬೇಸಿಗೆಯಲ್ಲಿ ಒಣಹುಲ್ಲಿನ ಬಂಗಾರ. ಅಲ್ಲಿ ದನಗಳು ಮೇಯುವುದನ್ನು ನೋಡಿ ಊರಿನಿಂದ ಬಂದ ಹಿರಿಯರಿಗೆ ಜೀವ ಬಂದಂತಾಗುತ್ತದೆ. ದನ ಇದೆ, ಜಿಂಕೆ ಇದೆ, ಇಲಿ ಅಳಿಲುಗಳಿವೆ, ಮೊಣಕಾಲೆತ್ತರದ ಹುಲ್ಲಿದೆ, ಓಕ್ ಮರದಡಿ ತರಗೆಲೆ ಇದೆ. ಉಣ್ಣೆಗೆ ಇದಕ್ಕಿಂತ ಒಳ್ಳೆಯ ಛತ್ರ ಬೇಕೆ?

ಉಣ್ಣೆ ಹಾರುವುದಿಲ್ಲ, ಕುಪ್ಪಳಿಸುವುದಿಲ್ಲ, ಮರದ ಮೇಲಿಂದ ಬೀಳುವುದೂ ಇಲ್ಲ. ಇದು ಹುಳುವಲ್ಲ, ಜೇಡನ ನೆಂಟ; ಬೆಳೆದದ್ದಕ್ಕೆ ಎಂಟು ಕಾಲು. ಕಾಲುದಾರಿಯ ಪಕ್ಕದ ಹುಲ್ಲಿನ ತುದಿಗೆ ಹತ್ತಿ, ಮುಂದಿನ ಎರಡು ಕಾಲನ್ನು ಚಾಚಿಕೊಂಡು ಬಸ್ಸಿಗೆ ಕಾಯುವವರಂತೆ ಕಾಯುತ್ತದೆ. ನಮ್ಮ ಉಸಿರು, ಮೈಬಿಸಿ ಎರಡನ್ನೂ ಆ ಕಾಲುಗಳಲ್ಲಿರುವ ಅಂಗದಿಂದಲೇ ತಿಳಿಯುತ್ತದೆ. ನಾಯಿ ಸವರಿಕೊಂಡು ಹೋದ ಕ್ಷಣಕ್ಕೆ ಹತ್ತಿಕೊಳ್ಳುತ್ತದೆ. ನಾಯಿ ದಾರಿಯ ಮಧ್ಯದಲ್ಲಿ ನಡೆದರೆ ಅರ್ಧ ಕಷ್ಟ ತಪ್ಪಿತು. ಆದರೆ ದಾರಿಯ ಮಧ್ಯದಲ್ಲಿ ನಡೆಯುವ ನಾಯಿಯನ್ನು ನಾನಂತೂ ನೋಡಿಲ್ಲ.

ಇಲ್ಲಿನ ಉಣ್ಣೆಯ ಕಾಲವನ್ನು ನಮ್ಮ ಹಬ್ಬಗಳ ಲೆಕ್ಕದಲ್ಲಿ ನೆನಪಿಡುವುದು ಸುಲಭ. ದೀಪಾವಳಿ, ರಾಜ್ಯೋತ್ಸವದ ಸುಮಾರಿಗೆ ಮೊದಲ ಮಳೆ ಬೀಳುತ್ತಿದ್ದಂತೆ ಬೆಳೆದ ಉಣ್ಣೆಗಳು ಹುಲ್ಲೇರುತ್ತವೆ, ಇವು ಎಳ್ಳಿನಷ್ಟಿರುತ್ತವೆ. ಯುಗಾದಿಯಿಂದ ಬೇಸಿಗೆ ರಜೆಯವರೆಗೆ ಮರಿ ಉಣ್ಣೆಗಳ ಕಾಲ, ಇವು ಗಸಗಸೆಯಷ್ಟೇ. ಇವು ತರಗೆಲೆಯಲ್ಲಿ, ಬಿದ್ದ ಮರದ ದಿಮ್ಮಿಯ ಮೇಲೆ ಹೆಚ್ಚು. ರಕ್ತ ಕುಡಿದು ಊದಿಕೊಂಡ ನಾಯಿ ಉಣ್ಣೆಯಂತೂ ಥೇಟ್ ಹರಳುಬೀಜ. ಲ್ಯಾಟಿನ್ ಭಾಷೆಯಲ್ಲಿ ಉಣ್ಣೆಗೆ ರಿಸಿನಸ್ ಎನ್ನುತ್ತಾರೆ. ಹರಳು ಗಿಡಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರೂ ಅದೇ. ನಮ್ಮ ಅಜ್ಜಿಯರ ಕಣ್ಣಿಗೆ ಕಂಡ ಹೋಲಿಕೆ ರೋಮನ್ನರಿಗೂ ಕಂಡಿತ್ತು!

ಕರ್ನಾಟಕದವರಿಗೆ ಉಣ್ಣೆಯ ಭಯವನ್ನು ಯಾರೂ ಹೇಳಿಕೊಡಬೇಕಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗರು ಜ್ವರದಿಂದ ಮಲಗಿದರು. ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ನಡೆಯುತ್ತಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅದು ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ಕಂಡುಹಿಡಿದರು. ಅದೇ ಮಂಗನ ಕಾಯಿಲೆ. 2019ರ ಹೊತ್ತಿಗೂ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಅದು ಜೀವ ತೆಗೆದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಆ ವೈರಸ್ ಕ್ಯಾಲಿಫೋರ್ನಿಯಾದಲ್ಲಿ ಇಲ್ಲ. ಇಲ್ಲಿನ ಭಯ ಬೇರೆ, ಅದರ ಹೆಸರು ಲೈಮ್ ಕಾಯಿಲೆ. 1970ರ ದಶಕದಲ್ಲಿ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಸುತ್ತಮುತ್ತ ಮಕ್ಕಳಿಗೆ ಗುಂಪುಗುಂಪಾಗಿ ಕೀಲುನೋವು ಕಾಣಿಸಿಕೊಂಡದ್ದರಿಂದ ಬಂದ ಹೆಸರು. ನಿಂಬೆಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಕಡೆ ಇದನ್ನು ಹರಡುವುದು ಕಪ್ಪು ಕಾಲಿನ ಒಂದೇ ಜಾತಿ. ಬೇರೆ ನಾಯಿ ಉಣ್ಣೆಗಳು ಇದನ್ನು ಹರಡುವುದಿಲ್ಲ, ಅವುಗಳ ಕಾಯಿಲೆಗಳೇ ಬೇರೆ.

ಸಮಾಧಾನದ ಸಂಗತಿಯೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಉಣ್ಣೆಗಳಲ್ಲಿ ಲೈಮ್ ರೋಗಾಣು ಇರುವುದು ನೂರಕ್ಕೆ ಒಂದೆರಡರಲ್ಲಿ. ಮರಿಗಳಲ್ಲಿ ಇದಕ್ಕಿಂತ ಹೆಚ್ಚು. ದೊಡ್ಡದಾದ ಮೇಲೆ ಕಡಿಮೆಯಾಗುವುದೇಕೆ? ಇದರ ಹಿಂದೆ ಒಂದು ಓತಿಕ್ಯಾತ ಇದೆ! ಬೇಲಿಗೂಟದ ಮೇಲೆ ಕೂತು ದಂಡ ಬಸ್ಕಿ ಹೊಡೆಯುವ, ಹೊಟ್ಟೆಯಲ್ಲಿ ನೀಲಿ ಪಟ್ಟೆ ಇರುವ ಆ ಓತಿಯನ್ನು ನೀವು ನಿಮ್ಮ ಹಿತ್ತಲಿನಲ್ಲೇ ನೋಡಿರುತ್ತೀರಿ. ಮರಿ ಉಣ್ಣೆ ಅದರ ರಕ್ತ ಕುಡಿದರೆ ಉಣ್ಣೆಯ ಹೊಟ್ಟೆಯಲ್ಲಿದ್ದ ಲೈಮ್ ರೋಗಾಣು ಸತ್ತುಹೋಗುತ್ತದೆ. ಬರ್ಕಲಿ ವಿಶ್ವವಿದ್ಯಾಲಯದ ರಾಬರ್ಟ್ ಲೇನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ವಿಷಯ ಇದು. ಹಾಗೆಂದು ಓತಿಗೆ ಪೂಜೆ ಮಾಡುವ ಮುನ್ನ ಇನ್ನೊಂದನ್ನೂ ಕೇಳಿ: ಕೆಲವು ಜಾಗಗಳಲ್ಲಿ ಓತಿಗಳನ್ನು ಹಿಡಿದು ಸಾಗಿಸಿ ನೋಡಿದಾಗ, ಅಲ್ಲಿ ಉಣ್ಣೆಗಳೇ ಕಡಿಮೆಯಾದವು ಎಂದು 2011ರಲ್ಲಿ ಬಂದ ಅಧ್ಯಯನ ಹೇಳಿತು. ಓತಿ ರೋಗಾಣುವನ್ನು ಕೊಲ್ಲುತ್ತದೆ, ಜೊತೆಗೆ ಉಣ್ಣೆಗಳಿಗೆ ಅನ್ನದಾತನೂ ಹೌದು. ಪ್ರಕೃತಿಯ ಲೆಕ್ಕ ನಮ್ಮ ಟ್ಯಾಕ್ಸ್ ಫಾರಂಗಿಂತ ಜಟಿಲ.

ಆ ನೂರರಲ್ಲಿ ಒಂದು ನಮ್ಮ ನಾಯಿಗೇ ಕಚ್ಚಿದರೆ? ಗುಡ್ಡದ ಮೇಲಿನ ನಮ್ಮ ಸ್ನೇಹಿತರ ಮನೆಯಲ್ಲಿ ಆದದ್ದು ಇದೇ. ಮಗಳು ಕಾಲೇಜಿಗೆಂದು ದೂರದ ಊರಿಗೆ ಹೋದಳು. ಅವಳ ಪ್ರೀತಿಯ ನಾಯಿ ಮಂಕಾಯಿತು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಊಟ ಕಡಿಮೆ ಮಾಡಿತು, ಮೆಟ್ಟಿಲು ಹತ್ತಲು ಹಿಂದೆಗೆಯಿತು. ಒಂದು ದಿನ ಮುಂಗಾಲು ಕುಂಟಿದರೆ ಮರುದಿನ ಹಿಂಗಾಲು. ಮಗಳನ್ನು ನೆನೆಸಿಕೊಂಡು ಸೊರಗುತ್ತಿದೆ ಎಂದು ಮನೆಯವರ ಕಣ್ಣಲ್ಲೂ ನೀರು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ‘ಈ ಕೆಲವು ತಿಂಗಳಲ್ಲಿ ಉಣ್ಣೆ ತೆಗೆದಿದ್ದಿರಾ?’ ದೀಪಾವಳಿ ಹೊತ್ತಿಗೆ ಕಿವಿಯ ಹಿಂದಿನಿಂದ ಊದಿದ ಒಂದನ್ನು ತೆಗೆದದ್ದು ಆಗ ಅವರಿಗೆ ನೆನಪಾಯಿತು. ಒಂದು ಹನಿ ರಕ್ತದ ಪರೀಕ್ಷೆಯಲ್ಲಿ ಲೈಮ್ ಎಂದು ಗೊತ್ತಾಯಿತು. ಕಿಡ್ನಿಗೆ ಏಟು ಬಿದ್ದಿದೆಯೇ ಎಂದು ಮೂತ್ರವನ್ನೂ ಪರೀಕ್ಷಿಸಿದರು, ಸದ್ಯ, ಬಿದ್ದಿರಲಿಲ್ಲ. ಒಂದು ತಿಂಗಳ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟರು. ಕೆಲವೇ ದಿನಗಳಲ್ಲಿ ಕುಂಟುವುದು ನಿಂತಿತು. ರೋಗಾಣು ಹೊಕ್ಕ ಬಹಳಷ್ಟು ನಾಯಿಗಳಿಗೆ ಏನೂ ಆಗುವುದಿಲ್ಲ. ಆದರೆ ಆಗುವುದಾದರೆ ಕಚ್ಚಿದ ಎರಡರಿಂದ ಐದು ತಿಂಗಳ ನಂತರ. ಮನುಷ್ಯರಿಗೆ ಬರುವ ಹಾಗೆ ನಾಯಿಗೆ ಚರ್ಮದ ಮೇಲೆ ಕೆಂಪು ಉಂಗುರ ಕಾಣಿಸುವುದಿಲ್ಲ.

ಈಗ ಬಿಡಿಸುವ ವಿಷಯಕ್ಕೆ ಬರೋಣ. ಹೋದ ವರ್ಷ ತಿಪಟೂರಿನ ಕಡೆಯಿಂದ ಅಪ್ಪ ಅಮ್ಮ ಬಂದಿದ್ದರು. ನಮ್ಮ ಗುಂಡನ ಕತ್ತಿನಲ್ಲಿ ಉಣ್ಣೆ ಕಂಡದ್ದೇ ಅಪ್ಪ ಕೇಳಿದರು:

‘ಮನೇಲಿ ಸೀಮೆಎಣ್ಣೆ ಇದೆಯೇನೋ?’

‘ಇಲ್ಲಿ ಸೀಮೆಎಣ್ಣೆ ಎಲ್ಲಿಂದ ಬರಬೇಕಪ್ಪ?’

‘ಹಾಗಾದ್ರೆ ಒಂದು ಬೆಂಕಿಕಡ್ಡಿ ಗೀಚಿ ಕೊಡು. ಬಿಸಿ ತಾಗಿಸಿದ್ರೆ ತಾನೇ ಬಿಡುತ್ತೆ.’

ನಮ್ಮಲ್ಲಿ ಪ್ರತಿ ಮನೆಗೂ ಒಂದು ಉಪಾಯವಿದೆ. ಸೀಮೆಎಣ್ಣೆ, ಹೊಂಗೆಎಣ್ಣೆ, ಸುಣ್ಣ, ಹೊಗೆಸೊಪ್ಪಿನ ನೀರು. ಅಮೆರಿಕದವರೂ ಕಡಿಮೆಯಿಲ್ಲ, ವ್ಯಾಸಲೀನ್, ಉಗುರು ಬಣ್ಣ, ಆರಿಸಿದ ಬೆಂಕಿಕಡ್ಡಿ. ಯಾವುದೂ ಬೇಡ. ಉಣ್ಣೆಯ ಮೂತಿಗೆ ಗರಗಸದಂತೆ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ, ಜೊತೆಗೆ ಅದು ಅಂಟು ಸುರಿಸಿ ಸಿಮೆಂಟು ಹಾಕಿದ ಹಾಗೆ ಕೂತಿರುತ್ತದೆ. ಅದು ಉಸಿರಾಡುವುದು ಬಹಳ ನಿಧಾನ, ಆದ್ದರಿಂದ ಎಣ್ಣೆ ಹಚ್ಚಿ ಉಸಿರು ಕಟ್ಟಿಸುತ್ತೇನೆ ಎಂದರೆ ಗಂಟೆಗಟ್ಟಲೆ ಕಾಯಬೇಕು. ಕೆಣಕಿದರೆ ತನ್ನ ಎಂಜಲನ್ನು ಗಾಯದೊಳಕ್ಕೇ ಕಕ್ಕಬಹುದು. ರೋಗಾಣು ಬರುವುದೇ ಆ ದಾರಿಯಲ್ಲಿ. ಬೆಂಕಿಯಿಂದ ನಾಯಿಯ ಕೂದಲು, ಚರ್ಮ ಸುಡುತ್ತದೆ. ಸೀಮೆಎಣ್ಣೆಯನ್ನಂತೂ ನಾಯಿ ನೆಕ್ಕಿಕೊಂಡರೆ ಅದು ವಿಷ. ಲೈಮ್ ರೋಗಾಣು ಉಣ್ಣೆಯಿಂದ ಮೈಗೆ ದಾಟಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಬೇಕು. ಹಾಗಾಗಿ ತಾನೇ ಬಿಡಲಿ ಎಂದು ಕಾಯದೆ ಕಂಡ ಕೂಡಲೇ ಕೀಳುವುದೇ ಸರಿ.

ಬೇಕಾದದ್ದು ಚೂಪು ತುದಿಯ ಒಂದು ಚಿಮುಟ. ಹುಬ್ಬು ತಿದ್ದುವ ಅಗಲ ಮೂತಿಯ ಚಿಮುಟ ಉಣ್ಣೆಯ ಹೊಟ್ಟೆಯನ್ನು ಹಿಸುಕುತ್ತದೆ, ಅದು ಬೇಡ. ಕೈಗೆ ಗ್ಲೌಸ್ ಹಾಕಿ. ಒಬ್ಬರು ನಾಯಿಯನ್ನು ಹಿಡಿದು ಚಪಾತಿ ಚೂರೋ ಬೇಯಿಸಿದ ಕ್ಯಾರೆಟ್ಟೋ ತಿನ್ನಿಸುತ್ತಿರಲಿ. (ಈರುಳ್ಳಿ ಪಲ್ಯ, ಒಣದ್ರಾಕ್ಷಿ ಹಾಕಿದ ಕೇಸರಿಬಾತು ಕೊಡಬೇಡಿ, ಈರುಳ್ಳಿ, ದ್ರಾಕ್ಷಿ ಎರಡೂ ನಾಯಿಗೆ ವಿಷ.) ಇನ್ನೊಬ್ಬರು ಕೂದಲನ್ನು ಎರಡು ಬದಿಗೆ ಬಿಡಿಸಿ, ಉಣ್ಣೆಯನ್ನು ಚರ್ಮಕ್ಕೆ ಎಷ್ಟು ಹತ್ತಿರವೋ ಅಷ್ಟು ಹತ್ತಿರ, ಅಂದರೆ ಮೂತಿಯ ಬಳಿಯೇ ಹಿಡಿಯಬೇಕು. ಆಮೇಲೆ ನೇರವಾಗಿ ಮೇಲಕ್ಕೆ, ನಿಧಾನವಾಗಿ, ಒಂದೇ ಸಮನೆ ಎಳೆಯಬೇಕು. ತಿರುಚಬಾರದು, ಜಗ್ಗಬಾರದು. ಚರ್ಮ ಸ್ವಲ್ಪ ಗುಡಾರದ ಹಾಗೆ ಮೇಲೇಳುತ್ತದೆ. ಹಿಡಿತ ಬಿಡದೆ ಕೆಲವು ಸೆಕೆಂಡು ತಾಳಿದರೆ ಅದೇ ಕಳಚಿಕೊಳ್ಳುತ್ತದೆ. ಪೆಟ್ ಅಂಗಡಿಯಲ್ಲಿ ಸೀಳು ಇರುವ ಕೊಕ್ಕೆಯಂಥ ಸಾಧನ ಸಿಗುತ್ತದೆ. ಅದರಲ್ಲಿ ಕೆಲವನ್ನು ಉಣ್ಣೆಯ ಅಡಿಗೆ ತೂರಿಸಿ ತಿರುಗಿಸುವಂತೆಯೇ ಮಾಡಿರುತ್ತಾರೆ. ಅದಕ್ಕೆ ಅದರ ಡಬ್ಬಿಯ ಮೇಲಿನ ಸೂಚನೆಯೇ ಪ್ರಮಾಣ; ತಿರುಚಬಾರದೆಂಬ ಮಾತು ಚಿಮುಟಕ್ಕೆ.

ಅಪ್ಪನಿಗೆ ಚಿಮುಟ ಕೊಟ್ಟೆ. ಬೆಂಕಿಕಡ್ಡಿಯ ಆಸೆ ಬಿಟ್ಟು ಕನ್ನಡಕ ಏರಿಸಿಕೊಂಡರು. ಐವತ್ತು ವರ್ಷ ಹಸುಗಳ ಕೆಚ್ಚಲಿನಿಂದ ಉಣ್ಣೆ ಕಿತ್ತ ಕೈ, ಒಂದು ಚೂರೂ ನಡುಗಲಿಲ್ಲ. ಗುಂಡ ಚಪಾತಿ ನುಂಗಿ ಮುಗಿಸುವುದರೊಳಗೆ ಕೆಲಸ ಆಗಿತ್ತು. ಅಲ್ಲಿಂದ ಊರಿಗೆ ಹೊರಡುವವರೆಗೂ ಮನೆಯಲ್ಲಿ ಆ ಖಾತೆ ಅವರದೇ.

ಕಿತ್ತ ಮೇಲೆ ಉಗುರಿನ ಮೇಲಿಟ್ಟು ಚಟ್ ಎಂದು ಒತ್ತುವುದು ನಮ್ಮವರ ಅಭ್ಯಾಸ. ಹೇನಿಗೆ ಸರಿ, ಉಣ್ಣೆಗೆ ಬೇಡ. ಒಳಗಿನದು ಕೈಗೆ ಮೆತ್ತಿಕೊಳ್ಳುತ್ತದೆ. ರಬ್ಬಿಂಗ್ ಆಲ್ಕೋಹಾಲ್ ಇರುವ ಪುಟ್ಟ ಸೀಸೆಗೆ ಹಾಕಿ ಮುಚ್ಚಿ. ಕಚ್ಚಿದ ಜಾಗವನ್ನೂ ಕೈಯನ್ನೂ ಸೋಪುನೀರಿನಿಂದ ತೊಳೆಯಿರಿ. ‘ತಲೆ ಒಳಗೇ ಉಳಿದುಬಿಟ್ಟಿತು’ ಎಂದು ಗಾಬರಿಯಿಂದ ಫೋನ್ ಮಾಡುವವರಿದ್ದಾರೆ. ಉಳಿಯುವುದು ತಲೆಯಲ್ಲ, ಮೂತಿಯ ಚೂರು. ಸುಲಭವಾಗಿ ಚಿಮುಟಕ್ಕೆ ಸಿಕ್ಕರೆ ತೆಗೆಯಿರಿ, ಇಲ್ಲವಾದರೆ ಸೂಜಿ ಹಾಕಿ ಅಗೆಯಬೇಡಿ. ಮುಳ್ಳು ಚುಚ್ಚಿದಾಗಿನಂತೆ ದೇಹವೇ ಅದನ್ನು ಹೊರಹಾಕುತ್ತದೆ. ಸಣ್ಣ ಗಂಟು ಕೆಲವು ದಿನ ಇರುತ್ತದೆ. ಕೀವಾದರೆ, ಕೆಂಪಾಗಿ ಹರಡಿದರೆ ಡಾಕ್ಟರಿಗೆ ತೋರಿಸಿ.

ಹುಡುಕುವ ಜಾಗಗಳು: ಕಿವಿಯ ಒಳಗೆ ಹೊರಗೆ, ರೆಪ್ಪೆಯ ಅಂಚು, ಕೊರಳಪಟ್ಟಿಯ ಕೆಳಗೆ, ಕಂಕುಳು, ತೊಡೆಸಂದು, ಬಾಲದ ಬುಡ, ಬೆರಳುಗಳ ಸಂದು. ಕಣ್ಣಿಗಿಂತ ಬೆರಳ ತುದಿ ಮೇಲು. ಬಟಾಣಿಯಂಥದ್ದೇನಾದರೂ ಸಿಕ್ಕರೆ ಮೊದಲು ಬೆಳಕಿನಲ್ಲಿ ನೋಡಿ: ಕಾಲು ಇದೆಯೇ? ನಾಯಿಯ ನರಹುಲಿಯನ್ನೋ, ಮೊಲೆತೊಟ್ಟನ್ನೋ ಉಣ್ಣೆಯೆಂದು ಎಳೆಯುವವರು ನಿಜವಾಗಿಯೂ ಇದ್ದಾರೆ. ಗಂಡುನಾಯಿಗೂ ಮೊಲೆತೊಟ್ಟು ಇರುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಗುಡ್ಡದಿಂದ ಬಂದ ದಿನ ಮಕ್ಕಳ ಮೊಣಕಾಲ ಹಿಂಭಾಗ, ಕೂದಲಂಚು, ಅಜ್ಜನ ಪಂಚೆ, ಅಜ್ಜಿಯ ಸೀರೆಯ ನೆರಿಗೆಗಳನ್ನೂ ನೋಡಿ. ಬಟ್ಟೆಯನ್ನು ಡ್ರೈಯರಿನಲ್ಲಿ ಹೆಚ್ಚು ಬಿಸಿಯಲ್ಲಿ ಹತ್ತು ನಿಮಿಷ ತಿರುಗಿಸಿದರೆ ಉಣ್ಣೆ ಸಾಯುತ್ತದೆ. ಲೈಮ್ ಕಾಯಿಲೆ ನಾಯಿಯಿಂದ ನಮಗೆ ನೇರವಾಗಿ ಬರುವುದಿಲ್ಲ, ಆದರೆ ಅದರ ಮೈಮೇಲೆ ಸವಾರಿ ಬಂದ ಉಣ್ಣೆ ಸೋಫಾದಲ್ಲಿ ಇಳಿದು ನಮ್ಮನ್ನು ಹತ್ತಬಹುದು.

ತಡೆಗೆ ತಿಂಗಳ ಮಾತ್ರೆ, ಬೆನ್ನಿಗೆ ಬಿಡುವ ಹನಿ, ಕೊರಳಪಟ್ಟಿ ಎಲ್ಲವೂ ಇವೆ. ಅಗಿಯುವ ಮಾತ್ರೆಗಳಲ್ಲಿ ಹೆಚ್ಚಿನವು ಐಸಾಕ್ಸಜೋಲಿನ್ ಗುಂಪಿನವು; ಕೆಲವು ನಾಯಿಗಳಿಗೆ ಇದರಿಂದ ಫಿಟ್ಸ್ ಬರಬಹುದು ಎಂದು ಎಫ್‌ಡಿಎ 2018ರಲ್ಲಿ ಎಚ್ಚರಿಸಿತು. ನಿಮ್ಮ ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಮನೆಯಲ್ಲಿ ಬೆಕ್ಕೂ ಇದ್ದರೆ ಪರ್ಮೆಥ್ರಿನ್ ಇರುವ ಹನಿಯ ಹತ್ತಿರವೂ ಹೋಗಬೇಡಿ. ನಾಯಿಗೆ ಔಷಧಿಯಾದದ್ದು ಬೆಕ್ಕಿಗೆ ಪ್ರಾಣಾಂತಿಕ. ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಹಪ್ಪಳ, ಚಟ್ನಿಪುಡಿಯ ಜೊತೆ ಐವರ್ಮೆಕ್ಟಿನ್ ತರಿಸುವ ಪರಿಪಾಠವೂ ಬೇಡ. ಕಾಲಿ, ಆಸ್ಟ್ರೇಲಿಯನ್ ಶೆಫರ್ಡ್ ಮುಂತಾದ ಜಾತಿಗಳಲ್ಲಿ ಅನೇಕ ನಾಯಿಗಳ ಮಿದುಳಿಗೆ ಅದು ದೊಡ್ಡ ಪ್ರಮಾಣದಲ್ಲಿ ವಿಷವಾಗುತ್ತದೆ, ನಿಮ್ಮ ಡೂಡಲ್‌ನಲ್ಲಿ ಯಾವ ವಂಶದ ರಕ್ತ ಹರಿಯುತ್ತಿದೆಯೋ ಯಾರಿಗೆ ಗೊತ್ತು? ಲೈಮ್‌ಗೆ ಮನುಷ್ಯರಿಗಾಗಿ 1998ರಲ್ಲಿ ಬಂದ ಲಸಿಕೆಯನ್ನು ಕಂಪನಿ 2002ರಲ್ಲಿ ಹಿಂತೆಗೆದುಕೊಂಡಿತು. ನಾಯಿಗಳಿಗೆ ಲಸಿಕೆ ಇದೆ, ಗುಡ್ಡ ಸುತ್ತುವ ನಾಯಿಯಾದರೆ ಕೇಳಿ ನೋಡಿ.

ಕೊನೆಯದಾಗಿ, ನಮ್ಮ ಅಡಿಗೆಮನೆಯ ಗೋಡೆಯಲ್ಲಿ ಊರಿನಿಂದ ತರಿಸಿದ ಪಂಚಾಂಗದ ಕ್ಯಾಲೆಂಡರ್ ಇದೆ. ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲೇ ‘ಗುಂಡ, ಎಡಗಿವಿ, 1’ ಎಂದು ಪೆನ್ಸಿಲಿನಲ್ಲಿ ಬರೆದಿಡುತ್ತೇವೆ. ಸೀಸೆಯ ಮೇಲೂ ಅದೇ ತಾರೀಖು. ಕಾಯಿಲೆ ತಿಂಗಳುಗಳ ನಂತರ ಬರುವುದರಿಂದ, ಡಾಕ್ಟರು ಕೇಳಿದಾಗ ಆ ಪೆನ್ಸಿಲ್ ಗೀಟು ಬೇಕಾಗುತ್ತದೆ. ವರ್ಷ ಮುಗಿದಾಗ ಹಳೆಯ ಕ್ಯಾಲೆಂಡರನ್ನು ಎಸೆಯದೆ ಇನ್ನೊಂದು ಯುಗಾದಿಯವರೆಗೆ ಇಟ್ಟುಕೊಳ್ಳಿ.