ದೀಪದ ಹೆಣ್ಣಿನ ಆಚೆಯ ಗೋಡೆ

ಮಾಗಿಯ ಚಳಿ ಶುರುವಾಯಿತೆಂದರೆ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಶಾಲೆಗಳ ಮುಂದೆ ನಸುಕಿನಲ್ಲೇ ಟೂರಿನ ಬಸ್ಸು ಬಂದು ನಿಲ್ಲುತ್ತದೆ. ಮೈಸೂರು ಎಂದರೆ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಸಂಜೆಗೆ ಬೃಂದಾವನ. ಇವುಗಳ ನಡುವೆ ಜಗನ್ಮೋಹನ ಅರಮನೆಗೆ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಫ್ರೆಂಚ್ ಗಡಿಯಾರದ ಪುಟಾಣಿ ಸಿಪಾಯಿಗಳನ್ನು ನೋಡಿ, ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ಒಂದು ಕ್ಷಣ ನಿಂತು, ಮಕ್ಕಳು ಮತ್ತೆ ಬಸ್ಸಿಗೆ ಓಡುತ್ತಾರೆ.

ಈ ಕಟ್ಟಡಕ್ಕೆ ಅಷ್ಟು ಸಾಲದು. ಚಿಕ್ಕಬಳ್ಳಾಪುರದ ಕಡೆಯಿಂದ ಹೋದವರಿಗಂತೂ ಇಲ್ಲಿ ತಮ್ಮ ಊರುಗಳ ನಂಟೇ ಕಾಣುತ್ತದೆ.

ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ಕಟ್ಟಿಸಿದ್ದು 1861ರಲ್ಲಿ. 1897ರಲ್ಲಿ ಮದುವೆಯ ಸಡಗರದ ನಡುವೆಯೇ ಮೈಸೂರಿನ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದಾಗ ರಾಜಮನೆತನಕ್ಕೆ ನೆರಳಾದದ್ದು ಇದೇ. ನಾಲ್ವಡಿ ಕೃಷ್ಣರಾಜ ಒಡೆಯರು 1902ರಲ್ಲಿ ವೈಸ್‌ರಾಯ್ ಕರ್ಜನ್ ಎದುರು ಅಧಿಕಾರ ವಹಿಸಿಕೊಂಡದ್ದೂ ಇಲ್ಲಿಯೇ. ಹೊಸ ಅರಮನೆ ಎದ್ದು ನಿಂತ ಮೇಲೆ, 1915ರಲ್ಲಿ, ಇದು ಚಿತ್ರಶಾಲೆಯಾಯಿತು. ಆಗ ಮೈಸೂರಿನ ದಿವಾನರಾಗಿದ್ದವರು ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ. ಅವರು 1898ರಲ್ಲೇ ಜಪಾನಿಗೆ ಹೋಗಿ, ಏಷ್ಯಾದ ಒಂದು ದೇಶ ತನ್ನ ಕಾಲ ಮೇಲೆ ತಾನು ನಿಲ್ಲುವ ಬಗೆಯನ್ನು ಕಣ್ಣಾರೆ ಕಂಡು ಬಂದಿದ್ದರು.

ಇನ್ನೊಂದು ನಂಟು ಚಿಂತಾಮಣಿಯಿಂದ ಹೊರಡುವ ಮದನಪಲ್ಲಿ ರಸ್ತೆಯದು. ಮದನಪಲ್ಲಿಯ ಥಿಯೊಸಾಫಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ಟೋಕಿಯೊದ ಕಿಯೊ ವಿಶ್ವವಿದ್ಯಾಲಯದಲ್ಲೂ ಕೆಲಕಾಲ ಕಲಿಸಿ ಬಂದವರು. ಏಷ್ಯಾದ ಕಲೆ ಯೂರೋಪಿನ ನೆರಳಾಗಬೇಕಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. 1924ರಲ್ಲಿ ಜಗನ್ಮೋಹನ ಅರಮನೆಗೆ ಹೊಸ ಭಾರತೀಯ ಚಿತ್ರಗಳ ಸಂಗ್ರಹವನ್ನು ಕೂಡಿಸಿಕೊಟ್ಟವರು ಅವರೇ. ಬಂಗಾಳದ ಟಾಗೋರ್ ಮನೆತನದ ಕಲಾವಿದರ ಕೃತಿಗಳು ಮೈಸೂರಿನ ಗೋಡೆ ಏರಿದ ಹಿಂದಿನ ಕಥೆ ಇದು.

ಆ ಚಿತ್ರಗಳು ಚಿಕ್ಕವು, ಮಬ್ಬು ಬಣ್ಣದವು. ರವಿವರ್ಮನ ದೊಡ್ಡ ತೈಲಚಿತ್ರಗಳನ್ನು ಕಂಡ ಕಣ್ಣು ಇವನ್ನು ಸುಲಭವಾಗಿ ದಾಟಿಬಿಡುತ್ತದೆ. ಹತ್ತಿರ ಹೋಗಿ ನಿಲ್ಲಬೇಕು. ಆಕಾಶ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂದು ಹೇಳುವ ಗೆರೆಯೇ ಇರುವುದಿಲ್ಲ. ಬೆಳಗಿನ ಮಂಜಿನಲ್ಲಿ ನಂದಿಬೆಟ್ಟವನ್ನು ಕಂಡವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಈ ಮಬ್ಬಿನ ಹಿಂದೆಯೂ ಒಂದು ಕಥೆಯಿದೆ. 1903ರಲ್ಲಿ ಜಪಾನಿನ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ ಕಲ್ಕತ್ತೆಗೆ ಬಂದಿದ್ದರು. ಒದ್ದೆ ಕುಂಚ ಎಳೆದು ಬಣ್ಣವನ್ನು ಹರಡುವ ತೈಕಾನ್ ಕೈಚಳಕವನ್ನು ಅವನೀಂದ್ರನಾಥ ಟಾಗೋರ್ ನೋಡುತ್ತ ಕೂತರು. ಆಮೇಲೆ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಚಿತ್ರದ ಹಾಳೆಯನ್ನೇ ನೀರಿನಲ್ಲಿ ಅದ್ದಿಬಿಟ್ಟರು! ಬಣ್ಣ ತೊಳೆದು, ಮತ್ತೆ ಬಳಿದು, ಮತ್ತೆ ತೊಳೆದು ಬಂದ ಮಬ್ಬು ಅದು. ಜಪಾನಿನ ಆ ಕಲಾವಿದರು ಹಲವು ಸಲ ಚಿತ್ರ ಬರೆಯುತ್ತಿದ್ದುದು ರೇಷ್ಮೆಯ ಮೇಲೆ. ಬಿಸಿನೀರಿನಲ್ಲಿ ಗೂಡು ಬೇಯಿಸಿ, ಅಂಟು ಸಡಿಲಿಸಿ ಎಳೆ ತೆಗೆಯುವ ಶಿಡ್ಲಘಟ್ಟದ ರೀಲರ್‌ಗಳಿಗೆ, ಸೀರೆಯಾಗುವ ನೂಲು ಚಿತ್ರದ ಹಾಳೆಯೂ ಆದೀತೆಂದರೆ ಖುಷಿಯಾದೀತು.

ಇನ್ನು ದೀಪದ ಹೆಣ್ಣು. ರವಿವರ್ಮನ ಚಿತ್ರವೆಂದು ಅದನ್ನು ಈಗಲೂ ಹೇಳುವವರಿದ್ದಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಸಾವಂತವಾಡಿ ಮೂಲದ ಎಸ್.ಎಲ್. ಹಳದಣಕರ್ ಇದನ್ನು ಬರೆದದ್ದು 1945–46ರ ಸುಮಾರಿಗೆ, ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಇದು ತೈಲಚಿತ್ರವೂ ಅಲ್ಲ, ಜಲವರ್ಣ. ಜಲವರ್ಣದಲ್ಲಿ ಬೆಳಕೆಂದರೆ ಬಣ್ಣ ಹಚ್ಚದೆ ಉಳಿಸಿಕೊಂಡ ಕಾಗದದ ಬಿಳುಪು. ಒಮ್ಮೆ ಕತ್ತಲೆ ಬಳಿದ ಜಾಗದಲ್ಲಿ ಆ ಬೆಳಕನ್ನು ಮತ್ತೆ ತರುವುದು ಬಲು ಕಷ್ಟ. ಇದನ್ನು ತಿಳಿದು ಅವಳ ಬೆರಳ ಸಂದಿಯ ಕೆಂಪನ್ನು, ಕೆನ್ನೆಯ ಹೊಂಬೆಳಕನ್ನು ನೋಡಿದರೆ, ಆ ಕೈ ಎಷ್ಟು ಎಚ್ಚರದಿಂದ ಕೆಲಸ ಮಾಡಿತ್ತೆಂದು ಮನದಟ್ಟಾಗುತ್ತದೆ.

ಕಲ್ಕತ್ತೆಯಲ್ಲಿ ಅವನೀಂದ್ರನಾಥರ ಬಳಿ ಕಲಿತ ಕನ್ನಡಿಗರೊಬ್ಬರಿದ್ದರು. ಮೈಸೂರಿನ ಚಿತ್ರಗಾರರ ಮನೆಯಲ್ಲಿ 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪ. ನಾಲ್ವಡಿಯವರ ನೆರವಿನಿಂದ ಅಲ್ಲಿಗೆ ಹೋಗಿ, ಓದು ಮುಗಿಸಿ ತಾಯ್ನಾಡಿಗೆ ಮರಳಿದವರು. ಅವರು ಬರೆದ ಊಟಿ, ಕೊಡೈಕನಾಲಿನ ಜಲವರ್ಣಗಳಿರುವುದು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯದ ಮಗ್ಗುಲಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ. ಮೈಸೂರಿನಿಂದ ಚಿಕ್ಕಬಳ್ಳಾಪುರಕ್ಕೆ ವಾಪಸಾಗುವ ಬಸ್ಸು ಹೇಗೂ ಬೆಂಗಳೂರು ದಾಟಿಯೇ ಬರಬೇಕು.