ಒಣಗಿದ ಪಾದಕ್ಕೆ ಎಣ್ಣೆಯ ಆಸರೆ

ಮುಂಬಯಿ: ಆಂಟಾಪ್ ಹಿಲ್‌ಗೆ ತಾಗಿರುವ ವಡಾಲಾದ ಅಕ್ವರ್ತ್ ಕುಷ್ಠರೋಗ ಆಸ್ಪತ್ರೆ ಮಹಾನಗರದ ಹಳೆಯ ಆರೋಗ್ಯ ಸಂಸ್ಥೆಗಳಲ್ಲೊಂದು. ಅಂದಿನ ಮುನ್ಸಿಪಲ್ ಕಮಿಷನರ್ ಎಚ್. ಎ. ಅಕ್ವರ್ತ್ ಅವರ ಮುತುವರ್ಜಿಯಿಂದ 1890ರಲ್ಲಿ ಆರಂಭಗೊಂಡ ಈ ಸಂಸ್ಥೆಯ ಕಾಲದುದ್ದಕ್ಕೂ ಕುಷ್ಠರೋಗ ಮತ್ತು ಸಸ್ಯಜನ್ಯ ಎಣ್ಣೆಯ ನಂಟು ಬೆಳೆದು ಬಂದಿದೆ.

ಆಗ ಈ ರೋಗಕ್ಕೆ ಇದ್ದ ಮುಖ್ಯ ಮದ್ದೇ ಎಣ್ಣೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಗರುಡಫಲ ಮತ್ತು ಅದೇ ಜಾತಿಯ ಮರಗಳ ಬೀಜದೆಣ್ಣೆಯನ್ನು ಚರ್ಮಕ್ಕೆ ಹಚ್ಚುತ್ತಿದ್ದರು, ಕುಡಿಸುತ್ತಿದ್ದರು, ಚುಚ್ಚುತ್ತಿದ್ದರು. ಕುಡಿದರೆ ವಾಂತಿ, ಚುಚ್ಚಿದರೆ ವಿಪರೀತ ನೋವು. 1940ರ ದಶಕದಲ್ಲಿ ಸಲ್ಫೋನ್ ಔಷಧಿಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಇಂದು ಬಹು ಔಷಧಿ ಚಿಕಿತ್ಸೆಯಿಂದ 6ರಿಂದ 12 ತಿಂಗಳಲ್ಲಿ ರೋಗ ಗುಣವಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಈ ಔಷಧಿ ಉಚಿತ.

ಆದರೆ ಎಣ್ಣೆಯ ಕೆಲಸ ಮುಗಿದಿಲ್ಲ. ನರಗಳಿಗೆ ಹಾನಿಯಾದಲ್ಲಿ ಬೆವರು ನಿಂತು ಅಂಗೈ, ಅಂಗಾಲು ಒಣಗಿ ಬಿರಿಯುತ್ತವೆ. ಸ್ಪರ್ಶಜ್ಞಾನವಿಲ್ಲದ ಕಾರಣ ಬಿರುಕು ನೋಯುವುದಿಲ್ಲ. ಗಮನಕ್ಕೆ ಬರುವಷ್ಟರಲ್ಲಿ ವ್ರಣವಾಗಿರುತ್ತದೆ. ಬೆರಳು ಕಳೆದುಕೊಳ್ಳುವ ದಾರಿ ಇದೇ. ಆದ್ದರಿಂದಲೇ ರೋಗ ವಾಸಿಯಾದವರಿಗೂ ನಿತ್ಯ ಸುಮಾರು 20 ನಿಮಿಷ ಕೈಕಾಲುಗಳನ್ನು ತಣ್ಣೀರಿನಲ್ಲಿ ನೆನೆಸಿ, ಗಟ್ಟಿ ಚರ್ಮವನ್ನು ಮೆಲ್ಲಗೆ ಉಜ್ಜಿ, ಪಸೆ ಆರುವ ಮೊದಲೇ ಎಣ್ಣೆ ಹಚ್ಚಲು ಹೇಳಿಕೊಡಲಾಗುತ್ತದೆ. ಇದಕ್ಕೆ ದುಬಾರಿ ಕ್ರೀಮ್ ಬೇಕಿಲ್ಲ, ತೆಂಗಿನೆಣ್ಣೆ ಸಾಕು.

ಇಲ್ಲಿನ ಗುಟ್ಟು ಸರಳ. ಎಣ್ಣೆ ತಾನಾಗಿ ಚರ್ಮಕ್ಕೆ ನೀರು ಕೊಡುವುದಿಲ್ಲ. ಒಳಗಿರುವ ನೀರು ಆರದಂತೆ ಮುಚ್ಚಳವಾಗುತ್ತದೆ. ಒಣ ಕಾಲಿಗೆ ಹಚ್ಚಿದ್ದಕ್ಕಿಂತ ಸ್ನಾನವಾದೊಡನೆ ಹಚ್ಚಿದ್ದು ಹೆಚ್ಚು ಫಲ ಕೊಡಲು ಇದೇ ಕಾರಣ.

ನಮ್ಮ ಮನೆಗಳ ಹಿರಿಯರಿಗೂ ಇದು ಅನ್ವಯಿಸುತ್ತದೆ. ಸಕ್ಕರೆ ಕಾಯಿಲೆಯೂ ಪಾದದ ಸ್ಪರ್ಶಜ್ಞಾನ ಕಸಿಯಬಲ್ಲದು. ಆದರೆ ಅಂಥವರು ಕಾಲನ್ನು ಬಹಳ ಹೊತ್ತು ನೆನೆಸಬಾರದು. ತೊಳೆದು, ಮೃದುವಾಗಿ ಒರೆಸಿ, ಹಿಮ್ಮಡಿ-ಅಂಗಾಲಿಗೆ ತೆಳ್ಳಗೆ ಎಣ್ಣೆ ಹಚ್ಚಬೇಕು. ಬೆರಳ ಸಂದಿ ಒಣಗಿಯೇ ಇರಲಿ. ಅಲ್ಲಿ ಪಸೆ ನಿಂತರೆ ಶಿಲೀಂಧ್ರ ಸೋಂಕಿಗೆ ಎಡೆಯಾಗುತ್ತದೆ. ಗಾಯವಿದ್ದರೆ ಎಣ್ಣೆಯನ್ನು ಬದಿಗಿಟ್ಟು ವೈದ್ಯರನ್ನು ಕಾಣಬೇಕು.

ಎಣ್ಣೆ ಹಚ್ಚುವ ನೆಪದಲ್ಲಿ ದಿನಕ್ಕೊಮ್ಮೆ ಪಾದವನ್ನು ತಿರುಗಿಸಿ ನೋಡುವುದೂ ಆಗುತ್ತದೆ. ಬಗ್ಗಲಾಗದ ಅಜ್ಜ-ಅಜ್ಜಿಯರಿಗೆ ಮನೆಯ ಕಿರಿಯರು ಈ ಐದು ನಿಮಿಷ ಕೊಟ್ಟರೆ ಎಷ್ಟೋ ಪಾದಗಳು ಉಳಿದಾವು.